ಕಿಚ್ಚಿನ ದಿನ ಹುಟ್ಟಿದವಳು

ಫೆಬ್ರವರಿ 3, ಮಂಗಳವಾರ

ಗೆಜ್ಜಲಗೆರೆ ಬಸ್ಸು ಇವತ್ತೂ ತಪ್ಪಿತು. ಜೊತೆ ಕೆಲಸದ ಸಿದ್ದರಾಜು ಬೈಕಿನಲ್ಲಿ ಫ್ಯಾಕ್ಟರಿಗೆ ಹೋದೆ. ಸೂಪರ್‌ವೈಸರ್ ಯಾಕೆ ಲೇಟು ಅಂದರು. ಮಲಗಿಬಿಟ್ಟಿದ್ದೆ ಅಂದೆ. "ಪಂಚರ್ ಆಯ್ತು ಅನ್ನಕ್ಕೆ ಏನ್ಲಾ ರೋಗ ನಿಂಗೆ?" ಅಂತ ಸಿದ್ದರಾಜು ಬೈದ. ಸುಳ್ಳು ಬಾಯಿಗೆ ಬರಲಿಲ್ಲ. ಬರುವುದೇ ಇಲ್ಲ.

ಮಧ್ಯಾಹ್ನ ಕ್ಯಾಂಪಿನಿಂದ ಅನು ಫೋನು. "ಇಪ್ಪತ್ಮೂರು ಜನದಲ್ಲಿ ನಾನೂ ಇವ್ನಿ ಕಣಣ್ಣ!"

ಭಾರತದ ಅಂಡರ್-17 ಹುಡುಗಿಯರ ಫುಟ್‌ಬಾಲ್ ಟೀಮು. ಮುಂದಿನ ತಿಂಗಳು ಕಠ್ಮಂಡುವಿನಲ್ಲಿ ಚಾಂಪಿಯನ್‌ಶಿಪ್ಪು. ನನ್ನ ತಂಗಿ! ಶಿವಪುರದ ಹಿಂದೆ, ಕುಯ್ದ ಗದ್ದೆಯಲ್ಲಿ, ನನ್ನ ಜೊತೆ ಬರಿಗಾಲಲ್ಲಿ ಆಡಿದವಳು. ಅಜ್ಜಿ ಬೀದಿಯಲ್ಲಿ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದಳು.

ಜನನ ಪತ್ರ ಒಂದು ಕೊಡಬೇಕಂತೆ.

ಫೆ. 5

ಕೋಚ್ ಸ್ವರೂಪ್ ಸರ್ ಬಿಡಿಸಿ ಹೇಳಿದರು. 2009ರ ಜನವರಿ ಒಂದರಂದು ಅಥವಾ ಆಮೇಲೆ ಹುಟ್ಟಿರಬೇಕು. ಮೂಳೆ ನೋಡಿ ವಯಸ್ಸು ಹೇಳುವ ಮಣಿಕಟ್ಟಿನ ಸ್ಕ್ಯಾನು ಪಾಸಾಗಿದೆ. ಉಳಿದದ್ದು ಕಾಗದ. ಅನು ಮಾರ್ಕ್ಸ್ ಕಾರ್ಡಿನಲ್ಲಿ 1-6-2007 ಅಂತಿದೆ.

ಅದು ಸುಳ್ಳು. ಆ ಸುಳ್ಳಿಗೆ ಕಾರಣ ನಾನು.

ನನಗೆ ಆರು ವರ್ಷವಿದ್ದಾಗ ಅಮ್ಮ ತೀರಿಹೋದಳು. ಆಮೇಲೆ ನಾನು ಅನು ಕೈ ಹಿಡಿಯದೆ ಎಲ್ಲಿಗೂ ಹೋಗುತ್ತಿರಲಿಲ್ಲ. ನನ್ನನ್ನು ಸ್ಕೂಲಿಗೆ ಸೇರಿಸಿದ ದಿನ ಜಗಲಿ ಕಂಬ ತಬ್ಬಿಕೊಂಡು ಒಂದೇ ಬೊಬ್ಬೆ. ಹೆಡ್‌ಮೇಷ್ಟ್ರು ಚೌಡಯ್ಯ, "ಆ ಕೂಸ್ನೂ ಸೇರ್ಸ್‌ಬುಡಿ ಅತ್ಲಾಗೆ" ಅಂದರು. ನಾಲ್ಕೂವರೆ ವರ್ಷದವಳನ್ನು ಆರು ಮಾಡಿ ಬರೆದುಕೊಂಡರು. ದಾಖಲೆಯಲ್ಲಿ ನಮ್ಮಿಬ್ಬರ ನಡುವೆ ಎಂಟೇ ತಿಂಗಳ ಅಂತರ.

ಒಂಬತ್ತನೇ ಕ್ಲಾಸಿನಲ್ಲಿ ಕೂತಿರಲಾಗದೆ ಒಂದು ದಿನ ಹೊರಟುಬಂದೆ. ಅವಳನ್ನು ಕೂರಿಸಿ ನಾನು ಎದ್ದು ಬಂದೆ.

ಫೆ. 9

ಮಂಡ್ಯ. ಜನನ ಪತ್ರಕ್ಕೆಂದು ಅಜ್ಜಿ ಜೊತೆ ಉಪವಿಭಾಗಾಧಿಕಾರಿ ಸಾಹೇಬರ ಆಫೀಸು. ಅಪ್ಪ ಲಾರಿ ತೆಗೆದುಕೊಂಡು ಗುಜರಾತಿಗೆ ಹೋಗಿದ್ದಾರೆ, ಅರ್ಜಿ ನನ್ನ ಹೆಸರಲ್ಲಿ.

ಗುಮಾಸ್ತರು ಇಬ್ಬರ ಮಾರ್ಕ್ಸ್ ಕಾರ್ಡೂ ನೋಡಿದರು. "ಎಂಟೇ ತಿಂಗ್ಳಿಗೆ ತಂಗೀನಾ? ನಿಮ್ಮವ್ವ ಗಟ್ಟಿಗಿತ್ತಿ ಕಣಯ್ಯ!" ಸ್ಕೂಲಿನ ತಾರೀಖು ಸುಳ್ಳೆಂದು ಇದರಿಂದಲೇ ತೋರಿಸಬಹುದಂತೆ. ಅನು ಹುಟ್ಟಿದ್ದು ಮಳವಳ್ಳಿ ಕಡೆ, ಅಮ್ಮನ ತವರಿನಲ್ಲಿ, ಮನೆಯಲ್ಲೇ. ಯಾರೂ ಬರೆಸಿಲ್ಲ. ಹಾಗಾಗಿ ಅಜ್ಜಿ ಸಾಕ್ಷಿ.

"ಸಂಕ್ರಾಂತಿ ದಿನ ಕಣಪ್ಪ. ಆಚೆ ದನಕ್ಕೆ ಕಿಚ್ಚು ಆಯಿಸ್ತಿದ್ರು, ಒಳಗೆ ಈ ಕೂಸು. ಈ ಕಣ್ಣಲ್ಲೇ ನೋಡಿವ್ನಿ."

ಸಂಕ್ರಾಂತಿ ಅಂದರೆ 2009ರ ಜನವರಿ 14. ಸಾಕು. ನಾನು ಸಹಿ ಹಾಕಬೇಕಾದ ಅಫಿಡವಿಟ್ಟಿನಲ್ಲಿ ಇನ್ನೊಂದು ಸಾಲಿದೆ: ಬೇರೆ ಯಾವ ದಾಖಲೆಯೂ ನಮ್ಮ ಬಳಿ ಇಲ್ಲ. ವಿಚಾರಣೆ ಹದಿನೆಂಟಕ್ಕೆ. ಸಾಹೇಬರ ಮುಂದೆಯೇ ಸಹಿ.

ಫೆ. 12

ಯಾವುದಾದರೂ ಹಳೇ ಕಾಗದ ಸಿಕ್ಕರೆ ಇನ್ನೂ ಗಟ್ಟಿ ಅಂದಿದ್ದರು ಸ್ವರೂಪ್ ಸರ್. ಅಮ್ಮನ ಟ್ರಂಕು ತೆಗೆದೆ. ತೆಗೆಯಬಾರದಿತ್ತು.

ಸೀರೆ ಮಡಿಕೆಯಲ್ಲಿ ಚುಚ್ಚುಮದ್ದಿನ ಕಾರ್ಡು. ನರ್ಸಮ್ಮನ ನೀಲಿ ಇಂಕು. ಹೆಣ್ಣು ಮಗು. ಹುಟ್ಟಿದ್ದು 29-12-2008. ಮೊದಲ ಪೋಲಿಯೊ ಹನಿ ಜನವರಿ 5.

ಮೂರು ದಿನ...

ಅಜ್ಜಿಯನ್ನು ಮೆಲ್ಲಗೆ ಕೇಳಿದೆ, ಹೆರಿಗೆ ಹೊತ್ತಿಗೆ ಅಲ್ಲಿದ್ದೆಯಾ ಅಂತ.

"ನಾನ್ಯಾಕ್ಲಾ ಇರ್ಲಿ? ಅದು ಅವಳ ತವ್ರು. ಅಬ್ಬದ ದಿನ ಎಳ್ಳುಬೆಲ್ಲ ತಕ್ಕೊಂಡು ಓದೆ. ಕೂಸು ಮಲಗಿತ್ತು."

"ಅವತ್ತೇ ಹುಟ್ಟಿತ್ತಾ?"

"ನಾನು ನೋಡಿದ್ದು ಅವತ್ತು. ಇನ್ನೇನ್ ಬೇಕ್ಲಾ?"

ಅವಳು ಸುಳ್ಳು ಹೇಳುತ್ತಿಲ್ಲ. ಅವಳ ಪಾಲಿಗೆ ಅನು ಬಂದದ್ದೇ ಆ ಬೆಂಕಿಯ ಬೆಳಕಿನಲ್ಲಿ.

ಫೆ. 13

ನೀರೊಲೆ ಮುಂದೆ ಕೂತಿದ್ದೆ, ಕಾರ್ಡು ಕೈಯಲ್ಲಿ. ಸೌದೆ ಮುಗಿಯಿತು. ಕಾರ್ಡು ಹಾಗೇ ಇದೆ.

ಫೆ. 15, ಶಿವರಾತ್ರಿ

ಅನು ಬಂದಳು. ಕಾಗದದ ಕೆಲಸಕ್ಕೆಂದು ನಾಲ್ಕು ದಿನ ಬಿಟ್ಟಿದ್ದಾರೆ. ಇಂಡಿಯಾ ಅಂತ ಬರೆದ ಟ್ರ್ಯಾಕ್ ಸೂಟು. ತೋರಿಸದೆ ಇರಲಾಗಲಿಲ್ಲ. ತೋರಿಸಿದೆ.

ಬೆರಳು ಮಡಿಸಿ ಎಣಿಸಿದಳು. "ಮೂರ್ ದಿನ. ಇದು ಯಾರ್ಗೆ ಗೊತ್ತು?"

"ನಂಗೊಬ್ನಿಗೇ."

"ಒಲೆಗಾಕು ಮತ್ತೆ."

"ಬೇರೆ ದಾಖಲೆ ಇಲ್ಲ ಅಂತ ಸೈನ್ ಆಕ್ಬೇಕು ಕಣೆ."

"ಆಕು! ಸತ್ತೋಯ್ತೀಯಾ? ಜನ ವರ್ಸಗಟ್ಲೆ ಮುಚ್ಚಿಡ್ತಾರೆ. ಮೂರ್ ದಿನ ಬುಡಕ್ಕಾಗಲ್ವಾ ನಿನ್ ಕೈಲಿ?"

ಒಂದೂವರೆ ವರ್ಷ ಅವಳ ಮೇಲೆ ಹೇರಿದವನು ನಾನು. ಮೂರು ದಿನ ಬಿಡಲಾರೆ ಅನ್ನುವವನೂ ನಾನೇ.

"ನೀನ್ಯಾವ್ ಅಣ್ಣ..." ಅಂದಳು. ಉಣ್ಣದೆ ಗದ್ದೆ ಕಡೆ ಹೋದಳು. ಬಾಲು ಗೋಡೆಗೆ ಬಡಿಯುವ ಸದ್ದು ಇನ್ನೂ ಕೇಳುತ್ತಿದೆ.

ಫೆ. 18, ಬೆಳಿಗ್ಗೆ 8.10, ಬಸ್ಸು

ಅನು ಬರುವುದಿಲ್ಲ ಅಂದುಕೊಂಡಿದ್ದೆ. ಇವತ್ತು ಮದ್ದೂರಿನಲ್ಲಿ ಅಜ್ಜಿಯನ್ನು ಹತ್ತಿಸಿ ನೋಡಿದರೆ ಹಿಂದಿನ ಬಾಗಿಲಿಂದ ಅನು. ಬಂದು ಪಕ್ಕ ಕೂತಳು.

"ಇಸ್ಕೂಲ್ಗೆ ಒಬ್ನೇ ಓಗಲ್ಲ ಅಂತ ಕಂಬ ತಬ್ಕಂಡಿದ್ಯಲ್ಲ. ಈಗ ಆಫೀಸ್ಗೆ ಒಬ್ನೇ ಒಂಟ್ಯಾ, ಸೂರ?"

ಅಜ್ಜಿ ನಕ್ಕಳು. ಅವಳಿಗೇನೂ ಗೊತ್ತಿಲ್ಲ. ಅನು ನನ್ನ ಚೀಲಕ್ಕೆ ಕೈ ಹಾಕಿ ಕಾರ್ಡು ತೆಗೆದುಕೊಂಡಳು. ತಡೆಯಲಿಲ್ಲ.

11.50, ಆಫೀಸಿನ ಬೆಂಚು

ಅಜ್ಜಿ ಒಳಗೆ ಹೇಳಿ ಬಂದಳು. ಕಿಚ್ಚು, ಎತ್ತು, ಕೂಸು — ಆಚೆಗೂ ಕೇಳಿಸಿತು. ಸಾಹೇಬರು ನಕ್ಕರು. ನಂಬಿದ್ದಾರೆ. ಇನ್ನು ನನ್ನ ಸರದಿ.

ಕಾರ್ಡು ಅನು ಮುಷ್ಟಿಯಲ್ಲಿ ಸುರುಳಿಯಾಗಿದೆ. ಎದುರಿಗೆ ಕಸದ ಡಬ್ಬ. ಎರಡು ಸಲ ಅತ್ತ ನೋಡಿದಳು. ಕೊಡು ಅಂತ ನಾನು ಕೇಳುವುದಿಲ್ಲ. ಹರಿದು ಹಾಕಿದರೂ ಬೈಯುವುದಿಲ್ಲ. ಆದರೆ ಒಳಗೆ ಕೇಳಿದರೆ ಡಿಸೆಂಬರ್ ಇಪ್ಪತ್ತೊಂಬತ್ತು ಅಂತಲೇ ಬಾಯಿಗೆ ಬರುವುದು. ಅದು ಅವಳಿಗೂ ಗೊತ್ತು.

ನನ್ನ ಹೆಸರು ಕೂಗಿದರು. ಪ್ರೀತಂ, ರೇವಣ್ಣನ ಮಗ.

ನನಗಿಂತ ಮೊದಲು ಅನು ಎದ್ದಳು. ಸುರುಳಿ ಬಿಡಿಸಿ ಕಾರ್ಡನ್ನು ತೊಡೆಗೆ ಒತ್ತಿ ಒತ್ತಿ ನೆಟ್ಟಗೆ ಮಾಡುತ್ತಿದ್ದಾಳೆ. ಇನ್ನೊಂದು ಕೈ ನನ್ನ ಕಡೆಗೆ ಚಾಚಿದ್ದಾಳೆ, ಸ್ಕೂಲಿಗೆ ಹೋಗುವಾಗಿನ ಹಾಗೆ —