ಹದಿನೆಂಟು ಮೊಳ ತಂತಿ

೨೧ ನವೆಂಬರ್ ೧೯೮೬, ಶುಕ್ರವಾರ

ಮುದ್ದು ಗುಬ್ಬಚ್ಚಿಗೆ,

ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನೀನೂ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದೀಯ ಎಂದು ನಂಬಿದ್ದೇನೆ. ಎರಡು ತಿಂಗಳು ಉತ್ತರ ಬರೆಯದ ಅಪ್ಪನನ್ನು ಬೈದುಕೋ, ತಪ್ಪಿಲ್ಲ. ನಿನ್ನ ಮೂರು ಕಾಗದಗಳಲ್ಲೂ ಒಂದೇ ಪ್ರಶ್ನೆ: "ಅಪ್ಪಾ, ನಾನು ವಾರ್ತೆ ಓದೋದು ಕೇಳಿಸ್ತಾ? ಹೇಗಿತ್ತು?" ಕೇಳದೆ ಏನೆಂದು ಬರೆಯಲಿ? ಸಾವಿರಾರು ಮೈಲಿ ದೂರದ ರೇಡಿಯೊದಲ್ಲಿ ದಿನಾ ಸಂಜೆ ಆರೂವರೆಗೆ ಹತ್ತು ನಿಮಿಷ ನನ್ನ ಮಗಳು ನಮ್ಮ ಭಾಷೆಯಲ್ಲಿ ಮಾತಾಡುತ್ತಾಳೆ. ಅದನ್ನು ಕೇಳಿಯೇ ಪೆನ್ನು ಹಿಡಿಯುವುದೆಂದು ಹಟ ತೊಟ್ಟೆ.

ಮೊದಲ ದಿನ ನೀನು ಹೇಳಿದ ಶಾರ್ಟ್‌ವೇವ್ ಬ್ಯಾಂಡಿಗೆ ಮುಳ್ಳು ತಂದರೆ ಬಂದದ್ದು ಬರೀ ಸುಂಯ್ ಎಂಬ ಸದ್ದು. ಅದರ ಹಿಂದೆ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಗೊಣಗಿದ ಹಾಗೆ. ಚಾವಣಿಯ ಮೇಲೆ ತಂತಿ ಕಟ್ಟೋಣವೆಂದರೆ ಮನೆ ಮಾಲೀಕ, "ಸಿಡಿಲು ಬಡಿದ್ರೆ ನೀವು ಬರ್ತೀರಾ? ಏನೂ ಬೇಡ" ಎಂದ. ಬೇಡವಾದರೆ ಬೇಡ, ಮನೆಯೊಳಗೇ ಕಟ್ಟುತ್ತೇನೆ ಎಂದೆ. ಮೂವತ್ತೊಂದು ವರ್ಷ ಗಿರಣಿಯಲ್ಲಿ ಮಗ್ಗ ನಡೆಸಿ, ದಿನಕ್ಕೆ ನೂರು ಸಲ ಕಡಿದ ಎಳೆ ಗಂಟು ಹಾಕಿದವನು, ಒಂದು ತಂತಿಗೆ ಸೋಲುತ್ತೇನೆಯೇ?

ಮೂಲೆಯಂಗಡಿಯ ರೇಡಿಯೊ ರಿಪೇರಿಯವನು ದಾರಿ ಹೇಳಿಕೊಟ್ಟ. ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ, ಹದಿನೆಂಟು ಮೊಳ. ಕಿಟಕಿಯಿಂದ ಶುರುಮಾಡಿ, ಚಾವಣಿಯ ಅಂಚಿನಲ್ಲಿ ಮೊಳೆ ಹೊಡೆಯುತ್ತಾ ಎರಡು ಗೋಡೆಯುದ್ದ ಎಳೆದೆ. ಈಚೆ ತುದಿಯ ಹೊದಿಕೆ ಕೆರೆದು ರೇಡಿಯೊದ ಏರಿಯಲ್ಲಿಗೆ ಕ್ಲಿಪ್ಪಿನಿಂದ ಕಚ್ಚಿಸಿದೆ. ಸ್ಟೂಲು ಹಿಡಿದು ನಿಂತಿದ್ದ ನಿಮ್ಮಮ್ಮ, "ಇಷ್ಟು ಮೇಲೆ ಕಟ್ಟಿದ್ರೆ ಬಟ್ಟೆ ಒಣಗಿಸೋಕೂ ಆಗಲ್ಲ" ಎಂದಳು. ಇನ್ನೊಂದು ತಂತಿಯನ್ನು ಭೂಮಿಗೆ ಸೇರಲೆಂದು ಬಚ್ಚಲ ನಲ್ಲಿಗೆ ಸುತ್ತಿದೆ. "ಇನ್ನು ನಲ್ಲಿ ತಿರುಗಿಸಿದ್ರೆ ವಾರ್ತೆ ಬರುತ್ತೇನ್ರೀ?" ಎಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ.

ಸುಂಯ್ ಹೋಗಲಿಲ್ಲ. ಟ್ಯೂಬ್‌ಲೈಟಿನ ಕಾಟ ಇರಬಹುದು ಎಂದ ರಿಪೇರಿಯವನು, ಆರಿಸಿ ಮಬ್ಬಿನಲ್ಲಿ ಕೂತೆವು. ಫ್ಯಾನು ನಿಲ್ಲಿಸಿ ಬೆವರಿದೆವು. ಕರೆಂಟೇ ಬೇಡವೆಂದು ಹೊಸ ಸೆಲ್ ಹಾಕಿದೆ. ಕೊನೆಗೆ ಪಕ್ಕದ ಮನೆಯ ಟೀಚರಮ್ಮನ ಬಾಗಿಲು ತಟ್ಟಿ, ಹತ್ತು ನಿಮಿಷ ಟೀವಿ ಆರಿಸಿ ತಾಯಿ ಎಂದು ಬೇಡಿಕೊಂಡೆ. "ಮಗಳಿಗೋಸ್ಕರ ತಾನೇ, ಆಗ್ಲಿ ಬಿಡಿ" ಎಂದರು. ಆಗಲೂ ಅದೇ ಗೊಣಗಾಟ. ನಿಮ್ಮಮ್ಮ ಮಾತ್ರ, "ನಂಗೆ ಕೇಳಿಸ್ತಲ್ರೀ, ಚೆನ್ನಾಗೇ ಕೇಳಿಸ್ತು" ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಗೊರ್ ಎಂದರೂ ಇವಳಿಗೆ ಮಗಳ ದನಿಯೇ ಎಂದುಕೊಂಡು ತಂತಿಯನ್ನು ಮೂರು ಸಲ ಬಿಚ್ಚಿ ಕಟ್ಟಿದೆ.

ಮೊನ್ನೆ ಬುಧವಾರ ರಿಪೇರಿಯವನನ್ನೇ ಎಳೆದುತಂದು ಕೂರಿಸಿದೆ. ನೀನು ಓದಿ ಮುಗಿಸುವವರೆಗೂ ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕಿಂತ ಸ್ಪಷ್ಟವಾಗಿ ಬೇಕಂದ್ರೆ ಮಗಳನ್ನೇ ಮನೆಗೆ ಕರೆಸ್ಕೋಬೇಕು ಯಜಮಾನ್ರೇ" ಎಂದ. ಬಂದರಿನ ಕೆಲಸಗಾರರ ಮುಷ್ಕರದ ಸುದ್ದಿ ಓದಿದೆಯಂತೆ. ನಡುವೆ ಒಮ್ಮೆ ಕೆಮ್ಮಿ "ಕ್ಷಮಿಸಿ" ಎಂದೆಯಂತೆ. ಬಿಸಿನೀರು ಕುಡಿ ಮಗಳೇ, ಗಂಟಲಿನ ಮೇಲೆ ಬದುಕುವವರು ಗಂಟಲು ನೋಡಿಕೊಳ್ಳಬೇಕು. ನಿಮ್ಮಮ್ಮ ಕೊನೆಯವರೆಗೂ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಇನ್ನು ದಿನವೂ ಕೇಳುತ್ತಾಳೆ, ತಂತಿ ಗಟ್ಟಿಯಾಗಿದೆ.

ನಿನ್ನ ದನಿ ಯಾವತ್ತೂ ಕೆಡದಿರಲಿ. ನಿನ್ನ ದುಡಿಮೆ ನಿನ್ನನ್ನು ತಲೆಯೆತ್ತಿ ನಡೆಸಲಿ. ನೂರು ಕಾಲ ಬಾಳು.

ನಿನ್ನ ಅಪ್ಪ

ಮತ್ತೆ ಸೇರಿಸಿದ್ದು: ಇದನ್ನು ಬರೆಯದೆ ಬಿಡೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ಬುಧವಾರ ನಿಮ್ಮಮ್ಮನಿಗೂ ರಿಪೇರಿಯವನಿಗೂ ಕೇಳಿಸಿತು, ನನಗೆ ಕೇಳಿಸಲಿಲ್ಲ. ಅವನು ರೇಡಿಯೊ ಆರಿಸಿದ ಮೇಲೂ ಸುಂಯ್ ನಿಲ್ಲಲಿಲ್ಲ. ಅದು ನನ್ನ ಕಿವಿಯೊಳಗಿನದು. ಮಗ್ಗಗಳ ಗದ್ದಲದಲ್ಲಿ ಯಾರ ಮಾತೂ ಕೇಳಿಸದು, ಗಿರಣಿಯಲ್ಲಿ ನಾವೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುತ್ತಿದ್ದೆವು. ಮನೆಯಲ್ಲೂ ಅದೇ ಅಭ್ಯಾಸದಲ್ಲಿ ದಿನ ದೂಡಿಬಿಟ್ಟೆ. ಕಿವಿ ಹೋದದ್ದು ನನಗೂ ತಿಳಿಯಲಿಲ್ಲ, ನಿಮ್ಮಮ್ಮನಿಗೂ ತಿಳಿಯಲಿಲ್ಲ. ರೇಡಿಯೊಗೆ ತುಟಿಯಿಲ್ಲವಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ತಂತಿಯನ್ನು ಬೈದೆ.

ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರು ಆಗದು ಎಂದರೆ ಇನ್ನೊಬ್ಬರ ಹತ್ತಿರ ಹೋಗುತ್ತೇನೆ, ಬಿಡುವವನಲ್ಲ. ಆದರೆ ಪುಟ್ಟಾ, ನಿನ್ನೆ ಸಂಜೆ ನಿನ್ನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಕೂತೆ. ಎಷ್ಟು ಹೊತ್ತು ಕೂತರೂ ನೆನಪಿಗೆ ಬಂದದ್ದು ಆರು ವರ್ಷದ ಹುಡುಗಿಯ ದನಿ.