ಹೇಳದೆ ಹಾಕಿಸಿದ ಡ್ರಿಪ್

ಮಿಡಿಗೇಶಿ
12 ನವೆಂಬರ್ 2024

ಹೊನ್ನಕ್ಕ ಅತ್ತಿಗೆಯವರಿಗೆ ಲೋಹಿತಾಳ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಹೊಸಕೋಟೆಯಲ್ಲಿ ಕಡಲೆಕಾಯಿ ಕಿತ್ತಾಯಿತೆ? ಅಣ್ಣನವರು ಕ್ಷೇಮವೆ? ಕೇಳಬೇಕಾದ್ದನ್ನು ಕೇಳಿದ್ದೇನೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕಿ ನನ್ನ ಮಾತು ಮುಗಿಸಲು ಬಿಡುವವರಲ್ಲ ನೀವು. ಅದಕ್ಕೇ ಕಾಗದ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಕೂತು ಓದಿ.

ನಿಮ್ಮ ತಮ್ಮ ಮಲಗಿದ್ದಾರೆ. ಟೈಲರ್ ಅಂಗಡಿ ಬಾಗಿಲು ತೆಗೆಯದೆ ಇಪ್ಪತ್ತು ದಿನವಾಯಿತು. ಮಷೀನನ್ನು ಹತ್ತು ಸಲ ತುಳಿದರೆ ಏದುಸಿರು. ಹೋದ ಶುಕ್ರವಾರ ಡಯಾಲಿಸಿಸ್ ಮುಗಿಸಿಕೊಂಡು ಬರುವಾಗ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ. ಆಗಸ್ಟಿನ ರಿಪೋರ್ಟಿನಲ್ಲಿ ಕಬ್ಬಿಣದ ಅಂಶ ಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಬಂದಿತ್ತು. ಅದನ್ನು ನಂಬಿ ಡಾಕ್ಟರು ಡಯಾಲಿಸಿಸ್ ಹೊತ್ತಿನಲ್ಲಿ ಕೊಡುತ್ತಿದ್ದ ಕಬ್ಬಿಣದ ಇಂಜೆಕ್ಷನ್ ನಿಲ್ಲಿಸಿದರು. ಆಮೇಲೂ ರಕ್ತ ಇಳಿಯುತ್ತಲೇ ಹೋಯಿತು. ಒಳಗೆಲ್ಲೋ ಸೋರುತ್ತಿರಬೇಕೆಂದು ತುಮಕೂರಿನಲ್ಲಿ ಬಾಯಿಂದ ಪೈಪ್ ಇಳಿಸಿ ನೋಡಿದರು. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ?

ಇದೆಲ್ಲ ಶುರುವಾದದ್ದು ನಮ್ಮ ಅಡುಗೆಮನೆಯಲ್ಲಿ. ಜುಲೈನಲ್ಲಿ ನೀವು ಬಂದಾಗ ನಾನು ನುಗ್ಗೆಸೊಪ್ಪು ಬೇಯಿಸಿ, ಬಸಿದ ನೀರನ್ನು ಮೋರಿಗೆ ಚೆಲ್ಲಿದೆ. ನಮ್ಮ ಕಡೆ ಆ ನೀರಿನಲ್ಲೇ ಬಸ್ಸಾರು ಮಾಡುವುದು ಎಂದು ನನಗೆ ಗೊತ್ತಿಲ್ಲವೆ? ಕಿಡ್ನಿ ಕೆಟ್ಟವರಿಗೆ ಆ ನೀರಿನ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅದನ್ನು ನಿಮಗೂ ಹೇಳಿದೆ. ನೀವು ಹೊರಗೆ ಹೋಗಿ, ಬೀದಿಯವರಿಗೆಲ್ಲ ಕೇಳುವಂತೆ, "ನನ್ ತಮ್ಮನ್ ರಕ್ತಾನೇ ಮೋರಿಗ್ ಚೆಲ್ತಾವ್ಳೆ ಕಣಮ್ಮ" ಅಂದಿರಿ. ಆ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ನಾಲ್ಕು ದಿನ ಇರಲಿ ಎಂದು ಅವರನ್ನು ನಿಮ್ಮೂರಿಗೆ ಕರೆದುಕೊಂಡು ಹೋದಿರಿ. ಅಲ್ಲಿ ಯಾವುದೋ ಕ್ಲಿನಿಕ್ಕಿನಲ್ಲಿ ರಕ್ತ ಹೆಚ್ಚಲಿ ಎಂದು ಕಬ್ಬಿಣದ ಡ್ರಿಪ್ ಹಾಕಿಸಿದಿರಿ. "ಲೇ ರಂಗಾ, ಏಂ ಕಾದುರಾ, ಏನೂ ಆಗಾಕಿಲ್ಲ, ಗುಂಡ್ಕಲ್ಲಂಗ್ ಆಗ್ತೀಯ. ಅವಳ್ಗೆ ಮಾತ್ರ ಹೇಳ್ಬ್ಯಾಡ ಕಣ್ಲಾ" ಅಂದಿರಂತೆ. ಎಡಗೈ ಡಯಾಲಿಸಿಸ್‌ಗೆ ಮೀಸಲೆಂದು ಬಲಗೈಗೆ ಚುಚ್ಚಿಸಿದಿರಂತೆ. ಅಷ್ಟಾದರೂ ನೆನಪಿತ್ತಲ್ಲ, ಪುಣ್ಯ. ಎರಡೇ ದಿನಕ್ಕೆ ಮಧುಗಿರಿಯಲ್ಲಿ ಪರೀಕ್ಷೆಗೆ ರಕ್ತ ತೆಗೆದರು, ಆಗಸ್ಟಿನ ಆ ರಿಪೋರ್ಟು ಅದರದೇ. ಕಣಜದಲ್ಲಿ ಎಷ್ಟಿದೆ ಎಂದು ಅಳೆಯಲು ಹೋದವರು, ಆಗತಾನೆ ಬಾಗಿಲಲ್ಲಿ ಇಳಿಸಿದ ಮೂಟೆಯನ್ನೂ ಸೇರಿಸಿ ಅಳೆದಂತಾಯಿತು. ಡ್ರಿಪ್ಪಿನ ಬೆನ್ನಿಗೇ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ ಅನ್ನುತ್ತಾರೆ ಡಾಕ್ಟರು. ನಿಮ್ಮ ತಮ್ಮ ಮೂರು ತಿಂಗಳು ನಿಮ್ಮ ಮಾತು ಉಳಿಸಿಕೊಂಡರು. ಬಿದ್ದ ಮೇಲೆ, ಸ್ಟ್ರೆಚರಿನಲ್ಲಿ ಬಾಯಿ ಬಿಟ್ಟರು.

ಈ ಶುಕ್ರವಾರ ಮತ್ತೆ ಪರೀಕ್ಷೆ ಇದೆ. ಯಾವ ಔಷಧ, ಎಷ್ಟು, ಯಾವ ತಾರೀಖು, ಅದೆಲ್ಲ ಇರುವ ಕ್ಲಿನಿಕ್ಕಿನ ಚೀಟಿ ಡಾಕ್ಟರಿಗೆ ಬೇಕು. ಹುಡುಕಿ. ಸಿಗಲಿಲ್ಲವೆಂದರೆ ಅದೇ ಕ್ಲಿನಿಕ್ಕಿಗೆ ಹೋಗಿ ಬರೆಸಿಕೊಂಡು ಬನ್ನಿ. ನಿಮಗೆ ನನ್ನ ಮೇಲೆ ಇರುವ ಸಿಟ್ಟು ಇದ್ದುಕೊಳ್ಳಲಿ, ನನಗೂ ನಿಮ್ಮ ಮೇಲೆ ಅಷ್ಟೇ ಇದೆ.

ದೊಡ್ಡಹನುಮಯ್ಯ ಅಣ್ಣನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮೇಲೆ ನನಗೇನೂ ಕೋಪವಿಲ್ಲ.

ಇತಿ,
ಲೋಹಿತಾ

ತಾ.ಕ.: ಕಂಡಕ್ಟರ್ ಕಾಯುತ್ತಿದ್ದಾನೆ. ಚೀಟಿಯನ್ನು ಯಾರ ಕೈಲೂ ಕಳಿಸಬೇಡಿ, ನೀವೇ ತನ್ನಿ ಅತ್ತಿಗೆ. ಅವರು ನಿಮ್ಮ ಮನೆಯಿಂದ ಬಂದ ದಿನವೇ ಬಲಗೈ ಮೇಲೆ ಹತ್ತಿ, ಪ್ಲಾಸ್ಟರ್ ನೋಡಿದ್ದೆ. ಏನಿದು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಿದರೆ ನಿಮ್ಮ ಹೆಸರು ಬರುತ್ತದೆ, ಅದು ಕಿವಿಗೆ ಬೀಳುವುದೇ ಬೇಡ ಎಂದು ಸುಮ್ಮನಾದೆ. ಆ ಪ್ಲಾಸ್ಟರನ್ನು ಕಿತ್ತು ಮೋರಿಗೆ ಎಸೆದವಳು ನಾನೇ. ಡಾಕ್ಟರಿಗೆ ಇದನ್ನು ಇನ್ನೂ ಹೇಳಿಲ್ಲ.