ಬರೀ ಫ್ಲ್ಯಾಶ್

ಕೋಟನೂರ, ಕಲಬುರಗಿ
ಶುಕ್ರವಾರ, ೨೪ ಜನವರಿ ೨೦೨೫

ಪ್ರೀತಿಯ ಇಂದಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸೋಲಾಪುರದ ಚಳಿಗೆ ಇನ್ನಷ್ಟು ಹಿಡಿದುಕೊಂಡಿರಬೇಕು. ಭಾವನವರು ಬೆಳಗಿನ ನಡಿಗೆ ಬಿಟ್ಟಿಲ್ಲ ತಾನೇ? ಅವರಿಗೆ ಸಿಹಿ ಕೊಡಬೇಡ, ಮುಖ ಸಣ್ಣದು ಮಾಡಿಕೊಂಡು ಕೇಳಿದರೂ ಕೊಡಬೇಡ. ನಾವೆಲ್ಲ ಆರಾಮಾಗಿದ್ದೇವೆ. ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ನೀನು ಹುಬ್ಬೇರಿಸುತ್ತೀ, ಗೊತ್ತು. ಫೋನಿನಲ್ಲಿ ನಿನ್ನ ಜೊತೆ ಮಾತಾಡಲು ನನಗೆ ಎಂದಾದರೂ ಪಾಳಿ ಸಿಕ್ಕಿದೆಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಎರಡು ಸುದ್ದಿ ಮುಗಿಸಿ ಮೂರನೆಯದಕ್ಕೆ ಹೋಗಿರುತ್ತೀ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಗಂಜ್ ಮಾರುಕಟ್ಟೆಯಿಂದ ಸೋಲಾಪುರಕ್ಕೆ ಬೇಳೆ ಒಯ್ಯುವ ಲಾರಿಯ ಮಲ್ಲು ಇದನ್ನು ನಾಳೆ ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಚಹಾ ಕೊಡು, ಆಮೇಲೆ ಕೂತು ಓದು.

ಮೊದಲ ಸುದ್ದಿ ಇದು. ನನ್ನ ಮಗಳು ಪ್ರೀತಿ ಮತ್ತು ಅವಳ ಗಂಡನಾಗುವ ಅಜಿತ, ಇವರ ನಿಶ್ಚಿತಾರ್ಥಕ್ಕೆ ಮುಂಚಿನ ಜೋಡಿ ಫೋಟೋ ತೆಗೆಯುವ ಕೆಲಸ ನಿನ್ನೆ ಗುರುವಾರವೇ ಕಮಲಾಪುರದ ಬಾಳೆ ತೋಟದಲ್ಲಿ ಮುಗಿಯಿತು. ನಿನಗೆ ಭಾನುವಾರ ಎಂದು ಹೇಳಿದ್ದು ಸುಳ್ಳು. ತಿಳಿದೇ ಹೇಳಿದೆ, ಹೇಳಿದ ಮೇಲೆ ಹೊಟ್ಟೆ ತುಂಬ ಊಟ ಮಾಡಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಹಾಲುಬಣ್ಣದ ರೇಷ್ಮೆ ಸೀರೆಗೆ ಫಾಲ್ ಹಚ್ಚಿಸಿದ್ದೇನೆ, ಶನಿವಾರವೇ ಬಂದು ನಿಂತು ಎಲ್ಲ ಹೇಳಿಕೊಡುತ್ತೇನೆ ಎಂದಿದ್ದೆಯಲ್ಲ, ಆ ಸೀರೆಯನ್ನು ಮಡಿಸಿ ಒಳಗಿಡು.

ನೀನು ನೋಡದೇ ಹೋದದ್ದನ್ನು ಪೂರಾ ಬರೆಯುತ್ತೇನೆ. ಇಲ್ಲಿನ ರೋಜಾ ಬಡಾವಣೆಯಲ್ಲಿ ದರ್ಗಾ ಕಡೆ ಹೋಗುವ ಓಣಿಯಲ್ಲಿ ಮಜರ್ ಎಂಬವನ ಸ್ಟುಡಿಯೋ ಇದೆ. ಹತ್ತು ದಿನದ ಹಿಂದೆ ನಾನು, ನಮ್ಮ ಮನೆಯವರು, ಪ್ರೀತಿ, ಅಜಿತ ನಾಲ್ವರೂ ಅಲ್ಲಿಗೆ ಹೋದೆವು. ಆತ ಜೋಡಿಯನ್ನು ಎದುರಿಗೆ ಕೂಡಿಸಿಕೊಂಡು ಮಾಸ್ತರನ ಹಾಗೆ ಪಾಠ ಹೇಳಿದ. ಇಬ್ಬರೂ ಒಂದೇ ಬಣ್ಣ ತೊಟ್ಟರೆ ಬ್ಯಾಂಡಿನವರಂತೆ ಕಾಣುತ್ತೀರಿ, ಒಂದಕ್ಕೊಂದು ಹೊಂದುವ ಬಣ್ಣ ಇರಲಿ. ಹಿಂದಿನ ದಿನ ಮುಖಕ್ಕೆ ಹೊಸದೇನೂ ಬಳಿದುಕೊಳ್ಳಬೇಡಿ. ಜೇಬಿನಲ್ಲಿ ಫೋನು, ಬೀಗದ ಕೈ ಇಟ್ಟುಕೊಂಡರೆ ಉಬ್ಬಿ ಕಾಣುತ್ತದೆ. ಉಂಗುರದ ಕೈ ಹೇಗಿಡಬೇಕು ಎಂಬುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ನಮ್ಮ ಅಜಿತ ಮಾತಿನಲ್ಲಿ ಹುರುಪಿನ ಹುಡುಗ, ಆದರೆ ಕ್ಯಾಮೆರಾ ಕಂಡರೆ ಆಧಾರ್ ಕಾರ್ಡಿಗೆ ಕೂತವನಂತೆ ಬಿಗಿದುಕೊಳ್ಳುತ್ತಾನೆ. ಅದಕ್ಕೂ ಮಜರ್ ಔಷಧ ಹೇಳಿದ, "ಕಿವ್ಯಾಗ ಕಾಯಿಪಲ್ಯದ ಹೆಸರು ಹೇಳ್ರಿ ಅಕ್ಕಾರ, ತಾನ ನಗ್ತಾರ" ಅಂತ. ಅಂದಿನಿಂದ ನಮ್ಮ ಅಂಗಳದಲ್ಲಿ ದಿನಾ ಸಂಜೆ ಇದೇ ತಾಲೀಮು. ಕುರ್ಚಿಯೊಂದನ್ನು ಬಾಳೆಗಿಡವೆಂದು ತಿಳಿದುಕೊಂಡು ಅದಕ್ಕೆ ಒರಗಿ ನಿಂತು, ಪ್ರೀತಿ ಅವನ ಕಿವಿಯಲ್ಲಿ ಹೀರೇಕಾಯಿ ಅನ್ನುವುದು, ಅವನು ಕಣ್ಣಲ್ಲಿ ನೀರು ಬರುವ ಹಾಗೆ ನಗುವುದು. ನೋಡಲು ಎಷ್ಟು ಚೆಂದವಿತ್ತು ಗೊತ್ತೇ.

ಅಂಥ ಒಂದು ಸಂಜೆ ನಿನ್ನ ಫೋನು ಬಂತು. ಕೈಗೆ ಹಿಟ್ಟು ಮೆತ್ತಿಕೊಂಡಿದ್ದರಿಂದ ಸ್ಪೀಕರಿಗೆ ಹಾಕಿದೆ. "ಹುಡುಗ ಗಿಡ್ಡ ಅದಾನ ಅಂತ ಕೇಳೀನಿ. ಬಾಜೂಕ ನಿಂದರಿಸಬ್ಯಾಡ, ಪ್ರೀತಿ ಮುಂದ ತೀರಾ ಸಣ್ಣಾವ ಕಾಣ್ತಾನ. ನಾ ಬಂದು ಎಲ್ಲಾ ಜಮಾಸ್ತೇನಿ" ಅಂತ ನೀನಂದೆ. ಅಜಿತ ಅಲ್ಲೇ ನಿಂತಿದ್ದ. ನಕ್ಕುಬಿಟ್ಟ, ಒಳ್ಳೆಯ ಮನೆತನದ ಹುಡುಗ. ಮರುದಿನ ದಪ್ಪ ಹಿಮ್ಮಡಿಯ ಬೂಟು ಹಾಕಿಕೊಂಡು ಬಂದ. ಅದರಲ್ಲಿ ಅವನಿಗೆ ನಡೆಯಲೂ ಬರುತ್ತಿರಲಿಲ್ಲ. ಪ್ರೀತಿ ಒಳಗೆ ಹೋಗಿ ಅತ್ತಳು. ನನ್ನ ದಿನವನ್ನು ತಿಂದದ್ದು ಸಾಲದೆ ನನ್ನ ಮಗಳ ದಿನಕ್ಕೂ ಕೈ ಹಾಕಲು ನಾನು ಬಿಡುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ತಿಂದದ್ದು ಏನು ಅನ್ನುತ್ತೀಯಾ? ಹೇಳುತ್ತೇನೆ. ಸ್ಟುಡಿಯೋದ ಮೂಲೆಯಲ್ಲಿ ಒಬ್ಬ ಮುದುಕರು ಶಾಲು ಹೊದ್ದು ಕೂತಿದ್ದರು. ಹೊರಡುವಾಗ ನನ್ನನ್ನೇ ದಿಟ್ಟಿಸಿ, "ಕಮಲಾಪುರದ ಮಾಸ್ತರ್ ಮಗಳಲ್ಲೇನಮ್ಮಾ ನೀವು?" ಅಂದರು. ಮಜರನ ತಂದೆ ನಬಿಸಾಬ್. ನೆನಪಾಯಿತೇ? ೧೯೯೭ರಲ್ಲಿ ನಮ್ಮ ಅಪ್ಪನ ಮನೆಯ ಪಡಸಾಲೆಯಲ್ಲಿ ನನ್ನ ನಿಶ್ಚಿತಾರ್ಥಕ್ಕೆ ಭಾವನವರು ಕರೆತಂದಿದ್ದ ಫೋಟೋದವರು. ಫೋಟೋದ ಉಸ್ತುವಾರಿ ಪೂರಾ ನಿಮ್ಮಿಬ್ಬರದೇ ಇತ್ತು. ಆಮೇಲೆ ನೀನು ಬಂದು, ರೋಲಿಗೆ ಬೆಳಕು ಬಿದ್ದು ಪೂರಾ ಹಾಳಾಯಿತಂತೆ, ಒಂದೂ ಬರಲಿಲ್ಲ ಎಂದು ನನ್ನ ತಲೆ ಸವರಿದ್ದೆ. ಸವರಿ, ನಮ್ಮ ಮನೆಯವರ ಕಡೆ ತಿರುಗಿ, "ನೀವು ಆ ಕ್ಯಾಮೆರಾ ಚೀಲ ಬಸ್ ಸ್ಟ್ಯಾಂಡಿನ್ಯಾಗ ಬಿಸಿಲಿಗಿ ಇಟ್ಟಿದ್ರಿ ಅಲ್ರಿ, ಅದಕ್ಕ" ಅಂದಿದ್ದೆ. ಅವರು ಪಾಪ, ನಬಿಸಾಬರಿಗೆ ವಯಸ್ಸಾಗಿದೆಯೆಂದು ಆ ಚೀಲ ಹೊತ್ತು ಬಸ್ಸಿಗೆ ಕಳಿಸಿ ಬಂದಿದ್ದರು.

ನಾನು ನಬಿಸಾಬರಿಗೆ ಏನೂ ಕೇಳಲಿಲ್ಲ, ಅಕ್ಕಾ. ರೋಲ್ ಹಾಳಾದದ್ದು ನಿಮ್ಮ ತಪ್ಪಲ್ಲ ಬಿಡ್ರಿ ಎಂದು ಸಮಾಧಾನ ಹೇಳಲು ಹೋದೆ. ಅವರು ಗಾಬರಿಯಾದರು. "ರೋಲ್ ಎಲ್ಲಿ ಹಾಳಾಗ್ಯದಮ್ಮಾ? ಛಲೋ ಬಂದಿತ್ತು. ಆಲ್ಬಮ್ ನಿಮ್ಮ ಅಕ್ಕಾರು ವಯ್ದಾರಲ್ಲ" ಅಂದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಆಗಿನ ಕಾಲದಲ್ಲಿ ರೋಲ್ ಉಳಿಸಬೇಕಾದರೆ ಫೋಟೋದವರು ಫ್ಲ್ಯಾಶಿನ ಹಿಂದಿನ ಗುಂಡಿಯನ್ನಷ್ಟೇ ಒತ್ತುತ್ತಿದ್ದರಂತೆ. ಬೆಳಕು ಬೀಳುತ್ತದೆ, ಫೋಟೋ ಬೀಳುವುದಿಲ್ಲ. ಕೂತವರಿಗೆ ಸಮಾಧಾನ. ಮದುವೆ ಮನೆಗಳಲ್ಲಿ ಹಟ ಮಾಡುವ ಮಕ್ಕಳಿಗೆ ಹಾಗೆ ಮಾಡುತ್ತಿದ್ದರಂತೆ. ನನ್ನ ನಿಶ್ಚಿತಾರ್ಥದ ದಿನ ನೀನು ಅವರನ್ನು ಅಡುಗೆಮನೆ ಕಡೆ ಕರೆದು, "ಈ ಜೋಡಿ ಬಾಳ ದಿನ ನಿಲ್ಲೂದಿಲ್ಲ ನಬಿಸಾಬ್. ಹುಡುಗ ಗಂಜಿನ್ಯಾಗ ಚೀಲ ಎಣಿಸಾವ. ಅವರಿಗಿ ಬರೀ ಫ್ಲ್ಯಾಶ್ ಹೊಡೀರಿ, ರೋಲ್ ನಮಗಿ ಇರ್ಲಿ" ಅಂದೆಯಂತೆ. ಭಾವನವರು ಕರೆಸಿದ ಮನುಷ್ಯ, ಅವರು ಏನು ಮಾಡಿಯಾರು? ಮಾಫ್ ಮಾಡ್ರಿ ಎಂದು ನನ್ನ ಕೈ ಹಿಡಿದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ನಿನಗೇ ಬೇಕು, ಹಂಚಲು ಮನಸ್ಸಿಲ್ಲ.

ಆ ದಿನ ನಾನು ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಪ್ರತಿ ಬೆಳಕಿಗೂ ನಗುತ್ತ ಕೂತಿದ್ದೆ. ಹಟಮಾರಿ ಮಕ್ಕಳನ್ನು ಕೂಡಿಸಿದ ಹಾಗೆ ನನ್ನನ್ನು ಕೂಡಿಸಿದ್ದಿ. ಅದನ್ನಾದರೂ ನುಂಗಿಕೊಂಡೇನು. ಆದರೆ ನಮ್ಮ ಮನೆಯವರು, ಸಾಯಬಣ್ಣನವರ ವಿಷಯಕ್ಕೆ ನಿನ್ನನ್ನು ಬಿಡುವುದಿಲ್ಲ. ಪ್ರತಿ ವರ್ಷ ಆ ದಿನ ಬಂದಾಗ ಅವರು ಗಂಜಿನಿಂದ ಮಲ್ಲಿಗೆ ಕಟ್ಟಿಸಿಕೊಂಡು ಬಂದು ನನ್ನ ಮುಂದಿಟ್ಟು, "ನನ್ನಿಂದ ನಿನ್ನ ಫೋಟೋ ಹೋದುವು" ಅನ್ನುತ್ತಾರೆ. ಯಾರದಾದರೂ ಮನೆಗೆ ಹೋಗಿ ಗೋಡೆಯ ಮೇಲೆ ಜೋಡಿ ಫೋಟೋ ಕಂಡರೆ ಬೇರೆ ಕಡೆ ನೋಡುತ್ತಾರೆ. ಯಾರ ಚೀಲವನ್ನೂ ಅವರು ಮತ್ತೆ ಮುಟ್ಟಲಿಲ್ಲ, ಹೊರಲಿಕ್ಕೆ ಕೊಟ್ಟರೆ ಕೈ ಹಿಂದೆ ತಗೊಳ್ಳುತ್ತಾರೆ. ನಬಿಸಾಬರ ಮಾತು ಕೇಳಿ ಅವರು ಸಿಟ್ಟಾಗಲಿಲ್ಲ. "ಹಂಗಾದ್ರ ನಂದೇನೂ ತಪ್ಪಿಲ್ಲೇನು?" ಎಂದು ಕೇಳಿದರು. ನನಗೆ ಕೇಳಿದರೋ, ಮುದುಕರಿಗೆ ಕೇಳಿದರೋ ತಿಳಿಯದು. ಐವತ್ತೈದು ವರ್ಷದ ಮನುಷ್ಯ ತಪ್ಪಿಲ್ಲದ್ದಕ್ಕೆ ಹಾಗೆ ಕೇಳುವುದನ್ನು ನೀನು ಕಂಡಿದ್ದರೆ ನಾನು ನಿನಗೆ ಈ ಕಾಗದ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ಲೇ ನಿನ್ನ ಮುಖಕ್ಕೆ ಹೇಳಿ ಮುಗಿಸುತ್ತಿದ್ದೆ. ನನಗೆ ಸೇಡು ಬೇಕು ಅಕ್ಕಾ. ಬೇರೆ ಒಳ್ಳೆಯ ಹೆಸರು ಹುಡುಕುವುದಿಲ್ಲ.

ಅದಕ್ಕೇ ಮಜರನಿಗೆ ಹೇಳಿದೆ, ಒಂದಲ್ಲ ಎರಡು ಜೋಡಿಯ ಫೋಟೋ ತೆಗೆಯಬೇಕು ಅಂತ. ನಿಶ್ಚಿತಾರ್ಥದ ಫೋಟೋ, ಮಗಳದು ಮತ್ತು ನಮ್ಮದು. ಪ್ರೀತಿ ಕುಣಿದಾಡಿದಳು. ನಮ್ಮ ಮನೆಯವರು, "ಈ ವಯಸ್ಸಿನ್ಯಾಗ ಮಂದಿ ನಗ್ತಾರ, ಬ್ಯಾಡ" ಅಂದರು. ಅಂದವರು ಮರುದಿನ ಸ್ನಾನದ ಮನೆಯಿಂದ ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದರು, ಕಿವಿಗೂ ಸ್ವಲ್ಪ ಹತ್ತಿತ್ತು. ಆಮೇಲೆ ಅಂಗಳದ ತಾಲೀಮಿಗೆ ನಾವೂ ಇಳಿದೆವು. ಅಜಿತ ನಮಗೆ ಗುರು. ಕೈ ಹೀಗಿಡ್ರಿ ಮಾಮಾ, ಗದ್ದ ಕೆಳಗ ಮಾಡ್ರಿ ಅತ್ತಿ ಎಂದು ತಿದ್ದುತ್ತಾನೆ. ಇವರು ನನ್ನ ಕೈ ಹಿಡಿಯುವ ಮೊದಲು ಆಚೀಚೆ ನೋಡಿ ಬಾಗಿಲು ಹಾಕಿ ಬರುತ್ತಿದ್ದರು. ನನಗೆ ತಿಳಿಹಸಿರು ಇಳಕಲ್ ಸೀರೆ, ಇವರಿಗೆ ಕೆನೆಬಣ್ಣದ ಅಂಗಿ. ಬ್ಯಾಂಡಿನವರಂತೆ ಕಾಣಲಿಲ್ಲ, ನಂಬು.

ನಿನ್ನೆ ಬೆಳಗ್ಗೆ ಅಜಿತನ ಸೋದರಮಾವ ಗುರುಪ್ರಸಾದರ ತೋಟಕ್ಕೆ ಹೋದೆವು, ಕಮಲಾಪುರದಲ್ಲಿ ನಮ್ಮ ಅಪ್ಪನ ಮನೆಯಿಂದ ಅಷ್ಟೇನೂ ದೂರವಿಲ್ಲ. ಕೆಂಪು ಬಾಳೆಯ ಗೊನೆ ಇಳಿಬಿದ್ದಿವೆ, ನಡುವೆ ಎಳೆಬಿಸಿಲು. ಅಜಿತ ಆ ದಪ್ಪ ಬೂಟು ಹಾಕಿಕೊಂಡೇ ಇಳಿದ. ಪ್ರೀತಿ ಅವನನ್ನು ಗಟ್ಟಿ ನೆಲದ ಮೇಲೆ ಕೂಡಿಸಿ ತಾನೇ ಬೂಟು ಬಿಚ್ಚಿ ಪಕ್ಕಕ್ಕೆ ಇಟ್ಟು, ತನ್ನ ಚಪ್ಪಲಿಯನ್ನೂ ಬಿಟ್ಟಳು. ಇಬ್ಬರೂ ಬರಿಗಾಲಲ್ಲಿ ಬಾಜೂಕ್ಕೆ ಬಾಜೂ ನಿಂತರು. ಅವಳು ಅವನಿಗಿಂತ ಎರಡು ಬೆರಳು ಎತ್ತರವೇ. ಹಾಗೇ ತೆಗೆಸಿದ್ದೇವೆ, ಹಾಗೇ ದೊಡ್ಡದು ಮಾಡಿಸುತ್ತೇವೆ. ನಮ್ಮ ಪಾಳಿ ಬಂದಾಗ ಇವರು ಮಜರನಿಗೆ, "ಇದು ಖರೇನ ಬೀಳಾಕತ್ತದ ಏನಪಾ?" ಎಂದು ಕೇಳಿದರು. ಅವನು ಓಡಿ ಬಂದು ಪ್ರತಿಯೊಂದನ್ನೂ ಕ್ಯಾಮೆರಾದಲ್ಲೇ ತೋರಿಸಿ ಹೋದ. ಇವರು ಕನ್ನಡಕ ಹಾಕಿ ನೋಡುವುದು, ತೆಗೆದು ನಗುವುದು, ಮತ್ತೆ ಹಾಕಿ ನೋಡುವುದು. ನನಗೆ ಅಳು ಬಂತು, ಮಜರ್ ಅದನ್ನೂ ತೆಗೆದ.

ಫೆಬ್ರುವರಿ ಒಂಬತ್ತನೇ ತಾರೀಖಿನ ನಿಶ್ಚಿತಾರ್ಥಕ್ಕೆ ನೀವಿಬ್ಬರೂ ಅವಶ್ಯ ಬನ್ನಿ. ಬರಬೇಡ ಎಂದರೆ ಊರಿಗೆಲ್ಲ ನೀನೇ ನೊಂದವಳಾಗುತ್ತೀ, ಆ ಸುಖ ನಿನಗೆ ಕೊಡಲಾರೆ. ದೊಡ್ಡವ್ವನಾಗಿ ಹುಡುಗಿಗೆ ಮೊದಲ ಉಡಿ ನೀನೇ ತುಂಬಬೇಕಿತ್ತು. ಅದನ್ನು ಸಾಯಬಣ್ಣನವರ ತಂಗಿ ಅಂಬಮ್ಮನಿಗೆ ಒಪ್ಪಿಸಿದ್ದೇನೆ. ನಿಮಗೆ ಮುಂದಿನ ಸಾಲಿನ ಕುರ್ಚಿ ಇಡಿಸಿಲ್ಲ, ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂತುಕೊಳ್ಳಿ.

ಮೊಣಕಾಲಿಗೆ ಬೆಚ್ಚಗಿನ ಎಣ್ಣೆ ಹಚ್ಚಿಕೋ. ಭಾವನವರಿಗೆ ನನ್ನ ಶರಣು ತಿಳಿಸು, ಮೊಮ್ಮಕ್ಕಳ ಕೆನ್ನೆ ಹಿಂಡು. ನೀವೆಲ್ಲ ನೂರು ವರ್ಷ ಬಾಳಿ, ಇದೆಲ್ಲ ನೆನಪಿಟ್ಟುಕೊಂಡು ಬಾಳಿ.

ನಿನ್ನ ತಂಗಿ,
ವಿದ್ಯಾವತಿ

ತಾ.ಕ.: ಮಲ್ಲು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಬಿಸಾಬ್ ಹಳೆಯ ನೆಗೆಟಿವ್‌ಗಳನ್ನು ಎಸೆದಿಲ್ಲ. ಮೊನ್ನೆ ಹುಡುಕಿಸಿ ಕೊಟ್ಟರು. ಎಲ್ಲದರಲ್ಲೂ ನೀನೇ ಇದ್ದೀ, ಒಂದರಲ್ಲಿ ಮಾತ್ರ ನಿನ್ನ ಹಿಂದೆ ನಾವಿಬ್ಬರೂ ಕೂತದ್ದು ಬಿದ್ದಿದೆ. ಎಲ್ಲರೂ ನಿನ್ನ ಕಡೆ ನೋಡುತ್ತಿದ್ದಾರೆ, ಇವರೊಬ್ಬರು ನನ್ನ ಕಡೆ ನೋಡುತ್ತಿದ್ದಾರೆ. ಮಜರ್ ಕಂಪ್ಯೂಟರಿನಲ್ಲಿ ನಿನ್ನನ್ನೂ ಭಾವನವರನ್ನೂ ತೆಗೆದು, ನೀವು ನಿಂತಲ್ಲಿ ಅಪ್ಪನ ಪಡಸಾಲೆಯ ಗೋಡೆ ತುಂಬಿಸಿದ್ದಾನೆ. ಆಳೆತ್ತರ ಮಾಡಿಸಿದ್ದೇನೆ, ಒಂಬತ್ತನೇ ತಾರೀಖು ನಿಶ್ಚಿತಾರ್ಥದ ಹಾಲ್‌ನ ಬಾಗಿಲಲ್ಲೇ ನಿಂತಿರುತ್ತದೆ. ಇನ್ನೊಂದು ಮಾತು. ಆ ಫೋಟೋದಲ್ಲಿ ನಿನ್ನ ಎಡಗೈ ಹಿಂದೆ ಬಂದು ನನ್ನ ಹೆಗಲ ಮೇಲಿತ್ತು. ನಿನ್ನನ್ನು ತೆಗೆದ ಮೇಲೆ ಆ ಕೈ ಒಂದೇ ಉಳಿದಿತ್ತು. "ಕೈ ಇರ್ಲೇನ್ರಿ ಅಮ್ಮಾರ?" ಎಂದು ಮಜರ್ ಕೇಳಿದ. ಬಹಳ ಹೊತ್ತು ನೋಡಿದೆ. ಅದನ್ನೂ ತೆಗೆ ಎಂದೆ.